ಮುಂದಿನವರ ಕುರ್ಚಿ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿ ಹತ್ತು ಕುರ್ಚಿಗಳಿವೆ. ಒಂಬತ್ತರಲ್ಲಿ ಸದಸ್ಯರು ಆರಿಸಿ ಕಳಿಸಿದವರು ಕೂರುತ್ತಾರೆ. ಹತ್ತನೆಯದು ಇನ್ನೂ ಹುಟ್ಟಿಲ್ಲದ ಸದಸ್ಯರದು. ಅವರ ಪರವಾಗಿ ಅದರಲ್ಲಿ ಕೂರುವವಳು ನಾನು.

ಇದನ್ನು ಹೊರಗಿನವರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಕನ್ನಡಕ ರಿಪೇರಿಯ ಅಂಗಡಿ ನನ್ನದು. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ದಿಟ್ಟಿಸಿ ದಿಟ್ಟಿಸಿ ಹುಬ್ಬು ಗಂಟಿಕ್ಕಿದಂತೆಯೇ ನಿಂತುಬಿಟ್ಟಿದೆ. ಕೋಪ ಬೇರೆ ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೆ ಅಂಗಡಿ ಕಾರಣವಲ್ಲ, ಅದು ಹುಟ್ಟುಗುಣ.

ಆ ಕುರ್ಚಿ ಬಂದದ್ದು ನಮ್ಮ ತಾತನ ಕಾಲದಲ್ಲಿ. ಆಗ ಕ್ಲಬ್ಬು ಒಬ್ಬ ಬಟ್ಟೆ ಗಿರಣಿಯ ಮಾಲೀಕನದಾಗಿತ್ತು. ಒಂದು ಬೇಸಿಗೆಯಲ್ಲಿ ಅವನು ಯಾರಿಗೂ ಹೇಳದೆ ಕೇಳದೆ ಮೈದಾನವನ್ನು ಗೋದಾಮು ಕಟ್ಟುವವರಿಗೆ ಮಾರಿದ. ಅಭ್ಯಾಸಕ್ಕೆ ಬಂದ ಆಟಗಾರರಿಗೆ ಕಂಡದ್ದು ಗೇಟಿಗೆ ಹಾಕಿದ್ದ ಹೊಸ ಬೀಗ. ಆಮೇಲೆ ಎಷ್ಟೋ ವರ್ಷ ನಮ್ಮವರು ಊರಿನ ಎಲ್ಲರ ಮೈದಾನದಲ್ಲೂ ಬೇಡಿಕೊಂಡು ಆಡಿದರು. ಕೊನೆಗೆ ಅಭಿಮಾನಿಗಳೇ ಕೈಯಿಂದ ದುಡ್ಡು ಹಾಕಿ ರೈಲು ಹಳಿಯ ಪಕ್ಕದ ಕೆಸರು ಜಾಗವೊಂದನ್ನು ಕೊಂಡು, ಮಣ್ಣು ತುಂಬಿಸಿ, ಹುಲ್ಲು ಬೆಳೆಸಿ, ತಾವೇ ಮಾಲೀಕರಾದರು. ಆಗ ಬರೆದ ನಿಯಮ ಇದು. ನೆಲ ಮಾರುವುದಿರಲಿ, ಮಾಲೀಕತ್ವ ಬಿಟ್ಟುಕೊಡುವುದಿರಲಿ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕ್ಲಬ್ಬನ್ನು ಕಟ್ಟಿಹಾಕುವ ಯಾವ ತೀರ್ಮಾನಕ್ಕೂ ಹತ್ತನೆಯ ಕುರ್ಚಿಯ ಒಪ್ಪಿಗೆ ಬೇಕೇ ಬೇಕು. ಉಳಿದವರೆಲ್ಲ ಎರಡೆರಡು ಕೈ ಎತ್ತಿದರೂ ಈ ಒಂದು ಕೈ ಏಳದಿದ್ದರೆ ಆಗುವುದಿಲ್ಲ.

ಆ ಕುರ್ಚಿಯಲ್ಲಿ ಕೂರುವವರಿಗೆ ಎರಡು ಷರತ್ತು. ಮೊದಲನೆಯದು, ಕುರ್ಚಿ ಬಿಡುವವರೆಗೂ ನಮ್ಮ ತಂಡದ ಒಂದು ಆಟವನ್ನೂ ನೋಡಕೂಡದು. ಇವತ್ತಿನ ಗೆಲುವು ಕಣ್ಣಿಗೆ ಬಿದ್ದರೆ ಮನಸ್ಸು ಇವತ್ತಿನ ಕಡೆಗೇ ವಾಲುತ್ತದೆ ಎಂದು ಹಿರಿಯರ ಲೆಕ್ಕ. ಎರಡನೆಯದು, ಮತ ಹಾಕುವ ಮೊದಲು ಒಂದು ಮಧ್ಯಾಹ್ನ ಪೂರ್ತಿ ಖಾಲಿ ಪೂರ್ವ ಸ್ಟ್ಯಾಂಡಿನಲ್ಲಿ ಒಬ್ಬರೇ ಕೂತು ಬರಬೇಕು. ಅದಕ್ಕೆ ನಮ್ಮಲ್ಲಿ ‘ಕೇಳಿಕೊಂಡು ಬರುವುದು’ ಎನ್ನುತ್ತಾರೆ. ಸಣ್ಣಪುಟ್ಟ ಗುತ್ತಿಗೆಗಳಿಗಾಗಿ ನಾನು ಕೆಲವು ಸಲ ಹಾಗೆ ಹೋಗಿ ಕೂತಿದ್ದೆ. ಬಿಸಿಲು, ಪಾರಿವಾಳ, ಸೊಂಟನೋವು ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ. ಹೊರಗೆ ಬಂದಾಗ ಹುಲ್ಲು ನೋಡಿಕೊಳ್ಳುವವನು, "ಏನಕ್ಕ, ಎಲ್ಲರೂ ಸೌಖ್ಯನಾ?" ಎಂದು ಕಿಚಾಯಿಸುತ್ತಿದ್ದ.

ನನ್ನನ್ನು ಆ ಕುರ್ಚಿಗೆ ಸೂಚಿಸಿದವನು ಅಣ್ಣನೇ. ಅವನು ಬಸ್ ಡ್ರೈವರ್ ಆಗಿ ನಿವೃತ್ತನಾದವನು, ಆಮೇಲೆ ಕ್ಲಬ್ಬಿನ ಅಧ್ಯಕ್ಷ. ಸಭೆಯಲ್ಲಿ ಎದ್ದು ನಿಂತು, "ನನ್ನ ತಂಗಿಯನ್ನ ಒಂದು ಟೀ ಕುಡಿಸಿ ಒಪ್ಪಿಸೋಕೆ ಯಾರ ಕೈಲೂ ಆಗಲ್ಲ. ಚಿಕ್ಕಂದಿನಿಂದ ನಾನೇ ಪ್ರಯತ್ನ ಮಾಡ್ತಿದೀನಿ," ಅಂದ. ಎಲ್ಲರೂ ನಕ್ಕರು, ನಾನು ಆರಿಸಿಬಂದೆ.

ಅಂಗಡಿಯ ಮಹಡಿಯ ಮೇಲೆ ನನ್ನ ಮನೆ, ಮನೆಯ ಬೆನ್ನಿಗೆ ಪೂರ್ವ ಸ್ಟ್ಯಾಂಡು. ಆಟದ ದಿನ ನಾನು ಕಿಟಕಿಯ ಹತ್ತಿರ ಕೂತು ಗೋಡೆಯ ಆಚೆಯ ಸದ್ದು ಕೇಳುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ಕೂಗಿನಿಂದಲೇ ಎಲ್ಲವೂ ಗೊತ್ತಾಗತೊಡಗಿತು. ಗೋಲಿನ ಕೂಗು ಒಂದು, ತಪ್ಪಿದ ಗೋಲಿನ ಕೂಗು ಇನ್ನೊಂದು. ಎದುರಾಳಿ ಗೋಲು ಹೊಡೆದಾಗ ಮೈದಾನದ ಒಂದು ಮೂಲೆ ಮಾತ್ರ ಅರಚುತ್ತದೆ, ಉಳಿದದ್ದೆಲ್ಲ ಬಾಯಿಗೆ ಬೀಗ ಹಾಕಿಕೊಂಡಂತೆ ಸುಮ್ಮನಾಗುತ್ತದೆ.

ಅಣ್ಣನ ವಿಷಯ ಸ್ವಲ್ಪ ಹೇಳಬೇಕು. ಅವನು ಪ್ರಾಯದಲ್ಲಿ ಇದೇ ತಂಡದ ಗೋಲ್‌ಕೀಪರ್ ಆಗಿದ್ದ. ನಮ್ಮ ಕ್ಲಬ್ಬು ಮೇಲಿನ ಡಿವಿಷನ್ನಿಗೆ ಏರುವುದಕ್ಕೆ ಒಂದೇ ಒಂದು ಸಲ ಹತ್ತಿರ ಹೋಗಿತ್ತು. ಸೀಸನ್ನಿನ ಕೊನೆಯ ಆಟ, ಸಮ ಆದರೂ ಸಾಕಾಗಿತ್ತು. ಮುಗಿಯುವುದಕ್ಕೆ ಇನ್ನೇನು ಸೀಟಿ ಊದಬೇಕು ಅನ್ನುವಾಗ ಒಂದು ಚೆಂಡು ಮೆಲ್ಲಗೆ ಉರುಳಿಕೊಂಡು ಬಂತು. ಯಾರ ಮನೆಯ ಮಗುವಾದರೂ ಹಿಡಿಯಬಹುದಾದ ಚೆಂಡು. ಅದು ಅಣ್ಣನ ಎರಡು ಕೈಗಳ ನಡುವಿನಿಂದ ನುಸುಳಿ ಒಳಗೆ ಹೋಯಿತು. ಊರು ಒಂದು ವಾರ ಬೈದು ಆಮೇಲೆ ಹೊಟ್ಟೆಗೆ ಹಾಕಿಕೊಂಡಿತು. ಅವನು ಹಾಕಿಕೊಳ್ಳಲಿಲ್ಲ. ಬಸ್ಸು ಓಡಿಸುವಾಗಲೂ ಸಿಗ್ನಲ್ಲಿನಲ್ಲಿ ನಿಂತರೆ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ ಎಂದು ಅತ್ತಿಗೆ ಹೇಳುತ್ತಿದ್ದರು. ಸಾಯುವುದರೊಳಗೆ ಈ ತಂಡ ಮೇಲಿನ ಡಿವಿಷನ್ನಿಗೆ ಹೋಗುವುದನ್ನು ಒಂದು ಸಲ ನೋಡಬೇಕು. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಆ ವರ್ಷ ಅವನ ಶ್ವಾಸಕೋಶದಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಗೊತ್ತಿದ್ದದ್ದು ಮೂವರಿಗೆ, ಅವನಿಗೆ, ಅತ್ತಿಗೆಗೆ, ನನಗೆ. ಆಸ್ಪತ್ರೆಯಿಂದ ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಎರಡು ಸೀಸನ್ ಅಂತೆ," ಅಂದ.

"ಡಾಕ್ಟರು ಹಾಗೆ ಹೇಳಿದ್ರಾ?"

"ಅವರು ವರ್ಷದ ಲೆಕ್ಕದಲ್ಲೇ ಹೇಳಿದ್ರು. ನಾನು ಸೀಸನ್ನಿಗೆ ಬದಲಾಯಿಸ್ಕೊಂಡೆ."

ನನಗೆ ಅಳು ಬಂತು. ಅಳುವುದು ನನಗೆ ಸರಿಯಾಗಿ ಬರುವುದಿಲ್ಲವಾದ್ದರಿಂದ ಬೈದೆ. ಬೀಡಿ ಬಿಡು ಎಂದು ಎಷ್ಟು ಸಲ ಬಡಕೊಂಡಿದ್ದೆ ಎಂದು ಕೂಗಾಡಿದೆ.

ಹಾಳಾದ್ದು, ಎಲ್ಲ ಒಟ್ಟಿಗೇ ಬರುತ್ತದೆ. ಅದೇ ಸಮಯಕ್ಕೆ ಕ್ಲಬ್ಬಿನ ಮಾಡು ಸೋರುತ್ತಿತ್ತು, ಒಳ್ಳೆಯ ಆಟಗಾರರು ಒಬ್ಬೊಬ್ಬರೇ ಕಾಲು ಕೀಳುತ್ತಿದ್ದರು. ಆಗ ಒಂದು ಕಂಪನಿಯವರು ಬಂದರು. ಅವರ ಪರವಾಗಿ ಮಾತಾಡಿದವನು ಬೂದು ಸೂಟಿನ ಯುವಕ, ಬಹಳ ವಿನಯದವನು, ನಮ್ಮ ಕೆಟ್ಟ ಚಹಾವನ್ನೂ ಹೊಗಳಿ ಕುಡಿದ. ಕ್ಲಬ್ಬಿನ ದೊಡ್ಡ ಪಾಲು ಅವರಿಗೆ. ಈ ನೆಲ ಅವರದೇ ಇನ್ನೊಂದು ಕಂಪನಿಗೆ. ಇಲ್ಲಿ ಮನೆಗಳು ಏಳುತ್ತವೆ, ಊರಾಚೆ ಹೆದ್ದಾರಿಯ ಪಕ್ಕ ಹೊಸ ಕ್ರೀಡಾಂಗಣ. ಅದಕ್ಕೆ ಬದಲಾಗಿ ಹೊಸ ಆಟಗಾರರು, ಹೊಸ ತರಬೇತುದಾರ.

"ಎರಡು ಸೀಸನ್ ಸಾಕು ಸಾರ್," ಅಂದ ಸೂಟಿನವನು, ಅಣ್ಣನ ಕಡೆ ನೋಡಿ. "ಮೇಲಿನ ಡಿವಿಷನ್ನಲ್ಲಿ ಇರ್ತೀರಿ."

ಅವನಿಗೆ ಅಣ್ಣನ ಕಾಯಿಲೆಯ ಸುಳಿವೂ ಇರಲಿಲ್ಲ. ಸುಮ್ಮನೆ ಬಾಯಿಗೆ ಬಂದ ಅಂಕಿ ಹೇಳಿದ್ದ. ಆದರೆ ನಾನು ಮೇಜಿನ ಆ ತುದಿಯಲ್ಲಿದ್ದ ಅಣ್ಣನ ಮುಖ ನೋಡಿದೆ. ಆ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಎಂದೂ ಕಂಡಿರಲಿಲ್ಲ.

ಒಂಬತ್ತು ಜನರೂ ಒಪ್ಪುವುದು ಖಚಿತವಾಗಿತ್ತು. ಉಳಿದದ್ದು ನನ್ನ ಕೈ.

ಅವತ್ತು ಸಂಜೆ ಅಣ್ಣನೂ ನಾನೂ ಮೈದಾನದ ಗೋಡೆಯುದ್ದಕ್ಕೂ ನಡೆದು ಬಂದೆವು. ಅವನು ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

"ಇದು ಒಳ್ಳೆ ವ್ಯವಹಾರ ಅಲ್ಲ ಅಂತ ನಂಗೂ ಗೊತ್ತು," ಅಂದ. "ಹತ್ತು ವರ್ಷಕ್ಕೆ ಅವರು ಇನ್ಯಾರಿಗೋ ಮಾರ್ತಾರೆ. ಆಮೇಲೆ ಅವರು ಇನ್ಯಾರಿಗೋ. ತಾತನ ಕಾಲದ ಕಥೆನೇ ಮತ್ತೆ."

"ಗೊತ್ತಿದ್ದೂ ಕೈ ಎತ್ತುತ್ತೀಯಾ?"

"ಎತ್ತುತ್ತೀನಿ." ಸ್ವಲ್ಪ ದೂರ ನಡೆದ. ಆಮೇಲೆ ತಮಾಷೆ ಮಾಡುವವನಂತೆ ಕೇಳಿದ. "ಅಲ್ಲ ಪುಟ್ಟಿ, ಬರೋರಿಗೆ ಅಂತ ಒಂದು ಕುರ್ಚಿ ಇಟ್ಟಿದೀವಿ. ಹೋಗೋರಿಗೆ ಯಾಕೆ ಇಟ್ಟಿಲ್ಲ?"

ಅವನೇ ನನ್ನ ಬೆನ್ನು ತಟ್ಟಿದ.

"ಸುಮ್ನೆ ಅಂದೆ. ನೀನು ಹೋಗಿ ಕೇಳ್ಕೊಂಡು ಬಾ. ಅವರು ಏನಂತಾರೋ ಅದನ್ನೇ ಹೇಳು. ನಾನು ನಿನ್ನ ಹತ್ರ ಬೇರೆ ಏನೂ ಕೇಳಲ್ಲ."

ಅವನು ಕೇಳಲಿಲ್ಲ. ಅತ್ತಿಗೆ ಕೇಳಿದರು. ಮಾರನೆಯ ದಿನ ಕಡ್ಡಿ ಮುರಿದ ಒಂದು ಕನ್ನಡಕ ಹಿಡಿದುಕೊಂಡು ಅಂಗಡಿಗೆ ಬಂದರು. ಕಡ್ಡಿ ತಾನಾಗಿ ಮುರಿದಿರಲಿಲ್ಲ, ಯಾರೋ ಬೇಕೆಂದೇ ಮುರಿದಿದ್ದರು. ಅಷ್ಟು ನನಗೆ ಗೊತ್ತಾಗುತ್ತದೆ. ಏನೂ ಕೇಳದೆ ಸರಿಮಾಡತೊಡಗಿದೆ.

"ನೀನು ಹೂಂ ಅಂತೀಯ ತಾನೆ?" ಅಂದರು.

"ಇನ್ನೂ ಕೇಳ್ಕೊಂಡು ಬಂದಿಲ್ಲ ಅತ್ತಿಗೆ."

"ಯಾರನ್ನ ಕೇಳ್ತೀಯ? ಖಾಲಿ ಕುರ್ಚಿಗಳನ್ನಾ?" ಅವರ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನಮಗೆ ಮಕ್ಕಳಾಗಲಿಲ್ಲ. ನೀನು ಮದುವೇನೇ ಆಗಲಿಲ್ಲ. ಮುಂದೆ ಅಲ್ಲಿ ಬಂದು ಕೂರೋರಲ್ಲಿ ನಮ್ಮೋರು ಅಂತ ಒಬ್ಬರೂ ಇರಲ್ಲ. ಯಾರದೋ ಮಕ್ಕಳಿಗೋಸ್ಕರ ನಿಮ್ಮಣ್ಣನ ಕೊನೆ ಆಸೆ ಮಣ್ಣು ಮಾಡ್ತೀಯಾ?"

ಕಡ್ಡಿ ಸೇರಿಸಿ ಕೊಟ್ಟೆ. ಅವರು ಅದನ್ನು ಹಾಕಿಕೊಳ್ಳದೆ ಚೀಲಕ್ಕೆ ತುರುಕಿಕೊಂಡು ಹೋದರು.

ಕೇಳಿಕೊಂಡು ಬರಲು ಹೋದ ಮಧ್ಯಾಹ್ನ ಮೋಡ ಕವಿದಿತ್ತು, ಗಾಳಿ ಸ್ವಲ್ಪವೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಾನು ಹೂಂ ಎನ್ನುವುದೆಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಅತ್ತಿಗೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಬದುಕಿರುವ ಒಬ್ಬ ಅಣ್ಣನ ಮುಂದೆ ಹುಟ್ಟದ ಸಾವಿರ ಜನ ಯಾವ ಲೆಕ್ಕ? ಮಧ್ಯದ ಸಾಲಿನಲ್ಲಿ ಕೂತು, ಕಣ್ಣು ಉರಿಯುತ್ತಿದ್ದರಿಂದ ಕನ್ನಡಕ ತೆಗೆದು ಒರೆಸತೊಡಗಿದೆ.

ನಮ್ಮ ಸ್ಟ್ಯಾಂಡಿನ ಸೀಟುಗಳು ಸ್ಪ್ರಿಂಗಿನವು. ಯಾರಾದರೂ ಕೂತರೆ ಕೆಳಗೆ ಬರುತ್ತವೆ, ಎದ್ದರೆ ತಾವಾಗಿ ಮಡಚಿಕೊಳ್ಳುತ್ತವೆ. ಎಡಗಡೆ ಎಲ್ಲೋ ಒಂದು ಸೀಟು ಕಿರ್ ಎಂದು ಕೆಳಗಿಳಿಯಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಹಿಂದಿನ ಸಾಲಿನಲ್ಲಿ ಮೂರು ನಾಲ್ಕು ಒಟ್ಟಿಗೆ. ತಲೆ ಎತ್ತಿ ನೋಡಿದೆ. ಕನ್ನಡಕವಿಲ್ಲದ ನನ್ನ ಕಣ್ಣಿಗೆ ಜನ ಕಂಡರು. ಮುಖ ಇಂಥದ್ದೇ ಎಂದು ಗೊತ್ತಾಗುವಂತಿರಲಿಲ್ಲ, ಮಂಜಾದ ಬಣ್ಣಗಳು, ತಲೆಗಳು, ಭುಜಗಳು. ಇಡೀ ಸ್ಟ್ಯಾಂಡು ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಗಡಿಬಿಡಿಯಲ್ಲಿ ಕನ್ನಡಕ ಹಾಕಿಕೊಂಡೆ. ಸೀಟುಗಳೆಲ್ಲ ಮಡಚಿಕೊಂಡು ಖಾಲಿ ನಿಂತಿದ್ದವು. ಮತ್ತೆ ತೆಗೆದೆ. ಮತ್ತೆ ತುಂಬಿತ್ತು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎದ್ದು ಓಡಬೇಕೆನಿಸಿತು. ಆದರೆ ಅವರು ನನ್ನನ್ನು ಗಮನಿಸಲೇ ಇಲ್ಲ. ಬಸ್ಸಿನಲ್ಲಿ ಜಾಗ ಹುಡುಕುವ ಜನರಂತೆ ಒಬ್ಬರನ್ನೊಬ್ಬರು ದಾಟಿಕೊಂಡು, ಸ್ವಲ್ಪ ಸರೀರಿ ಎನ್ನುತ್ತಾ, ತಮ್ಮ ತಮ್ಮ ಸೀಟು ಹುಡುಕುತ್ತಿದ್ದರು. ನನ್ನ ಪಕ್ಕದ ಸೀಟಿನ ಬಳಿ ಯಾರೋ ಬಂದು ನಿಂತರು. ಹೆಂಗಸೋ ಗಂಡಸೋ ತಿಳಿಯಲಿಲ್ಲ.

"ಇಲ್ಲೇನಾ?" ಎಂದು ಕೇಳಿದರು.

ಅಷ್ಟೇ. ತನ್ನ ಜಾಗ ಸಿಕ್ಕಿತೋ ಇಲ್ಲವೋ ಎಂದು ಯಾರಾದರೂ ಕೇಳುವ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಇನ್ನೊಬ್ಬರು ಅದನ್ನೇ ಕೇಳಿದರು, ಆಮೇಲೆ ಆ ತುದಿಯಲ್ಲಿ ಇನ್ನೊಬ್ಬರು. ಇಲ್ಲೇನಾ, ಇಲ್ಲೇನಾ ಎಂದು ಇಡೀ ಸ್ಟ್ಯಾಂಡು ತಗ್ಗಿದ ದನಿಯಲ್ಲಿ ಕೇಳತೊಡಗಿತು. ಯಾರ ಮಕ್ಕಳೋ ಏನೋ, ಅತ್ತಿಗೆ ಹೇಳಿದ್ದು ಸರಿಯೇ, ಅವರಲ್ಲಿ ಒಬ್ಬರ ಗುರುತೂ ನನಗೆ ಹತ್ತಲಿಲ್ಲ. ಆದರೂ ಅಷ್ಟು ಜನ ಬಂದು ಕೇಳುವಾಗ, ಇಲ್ಲಲ್ಲ, ಹೆದ್ದಾರಿಯ ಹತ್ತಿರ ಹೋಗಿ ಎಂದು ಹೇಳುವ ನಾಲಿಗೆ ನನಗಿರಲಿಲ್ಲ.

"ಇಲ್ಲೇ," ಅಂದೆ. "ಕೂತ್ಕೊಳ್ಳಿ."

ಕತ್ತಲಾಗುವ ಮೊದಲು ಹುಲ್ಲಿನವನು ನೀರಿನ ಪೈಪು ಎಳೆದುಕೊಂಡು ಬಂದ. ಎಂದಿನ ಹಾಗೆ ಕಿಚಾಯಿಸಲು ಬಾಯಿ ತೆರೆದವನು ನನ್ನನ್ನು ನೋಡಿ, ಪೈಪು ಕೆಳಗಿಟ್ಟು ಗೇಟು ತೆಗೆದ.

ಸಭೆ ನಡೆದದ್ದು ಸ್ಟ್ಯಾಂಡಿನ ಕೆಳಗಿನ ಕೋಣೆಯಲ್ಲಿ. ನೋವಿನ ಮುಲಾಮು, ಒದ್ದೆ ಬೂಟುಗಳ ವಾಸನೆ ಅಲ್ಲಿ ಎಂದೂ ಹೋಗುವುದಿಲ್ಲ. ಒಂಬತ್ತು ಕೈಗಳು ಎದ್ದವು. ಅಣ್ಣ ಅಧ್ಯಕ್ಷನಾಗಿ ಕೇಳಬೇಕಾದ ಮಾತು ಕೇಳಿದ.

"ಮುಂದಿನವರು ಏನಂತಾರೆ?"

ಅವನ ಕಣ್ಣು ನೋಡಿದರೆ ನನ್ನಿಂದ ಆಗುವುದಿಲ್ಲ ಎಂದು ಗೊತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಅವನೂ ಮಂಜಾದ.

"ಬೇಡ ಅಂತಾರೆ."

"ಆಯ್ತು, ಬೇಡ," ಎಂದ ಅಣ್ಣ. ದನಿಯಲ್ಲಿ ಏನೂ ಇರಲಿಲ್ಲ. ಎದ್ದು ಹೋಗಿ ಸೂಟಿನವನಿಗೆ ತಾನೇ ಬಾಗಿಲು ತೆಗೆದು ಹಿಡಿದ, ಹುಷಾರು, ಮೆಟ್ಟಿಲು ಜಾರುತ್ತೆ ಎಂದ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಮ್ಮಿದ, ಬಹಳ ಹೊತ್ತು.

ಅಣ್ಣ ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಜಗಳವಾಡುವುದು ನನಗೆ ಗೊತ್ತು. ಅವನು ಮಾಡಿಕೊಳ್ಳಲಿಲ್ಲ. ಅತ್ತಿಗೆ ಮಾತ್ರ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದರು.

ಮುಂದಿನ ಸೀಸನ್ನು ಅಣ್ಣ ಹೇಗೋ ಮೈದಾನಕ್ಕೆ ಹೋದ. ಅದರ ಮುಂದಿನದಕ್ಕೆ ಸ್ಟ್ಯಾಂಡಿನ ಮೆಟ್ಟಿಲು ಹತ್ತುವ ಶಕ್ತಿ ಉಳಿದಿರಲಿಲ್ಲ. ನನ್ನ ಮನೆಯ ಮೆಟ್ಟಿಲು ಸ್ವಲ್ಪ ಕಡಿಮೆ. ಆಟದ ದಿನ ಬಂದು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಅತ್ತಿಗೆ ಅವನನ್ನು ಕೆಳಗಿನ ಬಾಗಿಲವರೆಗೆ ಬಿಟ್ಟು, ತಾವು ಒಬ್ಬರೇ ಮೈದಾನಕ್ಕೆ ಹೋಗಿ ಅವನ ಖಾಲಿ ಸೀಟಿನ ಪಕ್ಕ ತಮ್ಮ ಸೀಟಿನಲ್ಲಿ ಕೂರುತ್ತಿದ್ದರು. ನಾವಿಬ್ಬರೂ ಗೋಡೆಯ ಆಚೆಯ ಕೂಗು ಕೇಳುತ್ತಿದ್ದೆವು. ಅವನಿಗೆ ನನ್ನಷ್ಟು ಅಭ್ಯಾಸವಿರಲಿಲ್ಲ. ಒಮ್ಮೆ ಒಂದು ಮೂಲೆಯಿಂದ ಕೂಗು ಎದ್ದಾಗ ಮುಖ ಅರಳಿಸಿ ನನ್ನ ಕಡೆ ತಿರುಗಿದ.

"ನಾವಾ?"

"ನಾವೇ," ಅಂದೆ. ಅದು ಅವರ ಗೋಲಾಗಿತ್ತು.

ಆ ಸೀಸನ್ನು ಮುಗಿಯುವ ಮೊದಲೇ ಅವನು ಹೋದ. ತಂಡ ಪಟ್ಟಿಯ ನಡುವಿನಲ್ಲಿ ಎಲ್ಲೋ ಇತ್ತು.

ಅವನು ಹೋದ ಮೇಲಿನ ಮೊದಲ ಆಟದ ದಿನ ಅಂಗಡಿ ಮುಚ್ಚಿ ಮೇಲೆ ಬಂದು, ಕನ್ನಡಕ ತೆಗೆದಿಟ್ಟು ಮುಖ ತೊಳೆದು ಬಂದರೆ ಬೆತ್ತದ ಕುರ್ಚಿಯಲ್ಲಿ ಅವನು ಕೂತಿದ್ದ. ಮಂಜಾಗಿಯೇ ಕಂಡ, ಆದರೆ ಅಣ್ಣನ ಭುಜ ನನಗೆ ಗೊತ್ತಾಗದೇ ಇರುತ್ತದೆಯೇ. ಕಿಟಕಿಯ ಕಡೆ ಮುಖ, ನನ್ನ ಕಡೆ ಬೆನ್ನು. ಆಟ ಮುಗಿದ ಸೀಟಿ ಕೇಳಿಸುವವರೆಗೂ ಇದ್ದ. ಅಲ್ಲಿಂದ ಮುಂದೆ ಪ್ರತಿ ಆಟಕ್ಕೂ ಬಂದ. ದೆವ್ವಕ್ಕೆ ಚಹಾ ಮಾಡಿಕೊಡುವಷ್ಟು ಹುಚ್ಚು ನನಗೆ ಹಿಡಿದಿರಲಿಲ್ಲ, ಆದರೆ ಮಾತಾಡುತ್ತಿದ್ದೆ. "ಏನಾದ್ರೂ ಅನ್ನು," ಎಂದು ಗದರುತ್ತಿದ್ದೆ. "ಬೈದುಬಿಡು, ಮುಗಿದುಹೋಗಲಿ." ಅವನು ತಿರುಗಿ ನೋಡುತ್ತಿರಲಿಲ್ಲ. ನೋಡದಿರುವುದೇ ಅವನ ಬೈಗುಳ ಎಂದು ನಾನು ಅರ್ಥ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಬಸ್ ನೌಕರರ ಪಿಂಚಣಿ ನಿಧಿಯವರು ಬಂದರು. ಅವರ ಕಡೆಯಿಂದ ಬಂದ ಹೆಂಗಸು ಮಾತು ಕಡಿಮೆಯವಳು, ನಮ್ಮ ಚಹಾ ಚೆನ್ನಾಗಿಲ್ಲ ಎಂದು ಮುಖಕ್ಕೇ ಹೇಳಿದಳು. ಅವರಿಗೆ ನೆಲ ಬೇಕಿರಲಿಲ್ಲ. ನೆಲ ಎಂದೆಂದಿಗೂ ಸದಸ್ಯರದೇ ಆಗಿರಬೇಕು ಎಂದು ಅವರೇ ಷರತ್ತು ಹಾಕಿದರು. ಮಾಡು ರಿಪೇರಿಗೆ, ಎಳೆಯರ ತರಬೇತಿಗೆ, ಹೆಣ್ಣುಮಕ್ಕಳ ತಂಡಕ್ಕೆ ಹಣ ಹಾಕುತ್ತಾರೆ, ಸಣ್ಣ ಲಾಭಕ್ಕೆ ಕಾಯುತ್ತಾರೆ.

"ಎಷ್ಟು ವರ್ಷ ಕಾಯ್ತೀರಿ?" ಎಂದು ಕೇಳಿದೆ.

"ಇವತ್ತು ಕೆಲಸಕ್ಕೆ ಸೇರಿದ ಡ್ರೈವರು ನಿವೃತ್ತಿ ಆಗೋವರೆಗೆ," ಅಂದಳು. "ನಮ್ಮ ದುಡ್ಡಿಗೆ ಅವಸರ ಇಲ್ಲ. ನೀವು ಆ ಕಂಪನಿಯವರಿಗೆ ಬೇಡ ಅಂದ್ರಿ ಅಂತ ಕೇಳಿದ್ವಿ. ಅದಕ್ಕೇ ಇಲ್ಲಿಗೆ ಬಂದಿದ್ದು. ಮಾರದೇ ಇರೋರ ಹತ್ರ ಮಾತ್ರ ನಮ್ಮ ದುಡ್ಡು ನಿಲ್ಲುತ್ತೆ."

ಎಲ್ಲರೂ ನನ್ನ ಕಡೆ ತಿರುಗಿದರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾನು ಮಾಡಿದ್ದು ಸರಿ ಎಂದು ತೀರ್ಮಾನವಾಯಿತು. ಆ ಸರಿಯನ್ನು ತೆಗೆದುಕೊಂಡು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಆ ಸಲವೂ ಕೇಳಿಕೊಂಡು ಬರಲು ಹೋದೆ. ಕನ್ನಡಕ ತೆಗೆದು ಮಧ್ಯಾಹ್ನವೆಲ್ಲ ಕೂತೆ. ಒಂದು ಸೀಟೂ ಕೆಳಗಿಳಿಯಲಿಲ್ಲ. ಮುಂದಿನವರಿಗೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು, ಇನ್ನು ನನ್ನ ಹಂಗು ಯಾಕೆ. ಎದ್ದು ಬಂದು, ಮುಂದಿನವರು ಹೂಂ ಅಂತಾರೆ ಎಂದು ಮತ ಹಾಕಿದೆ.

ಅಲ್ಲಿಂದ ಎಲ್ಲ ನಿಧಾನವಾಗಿ ಆಯಿತು. ಮಾಡು ಸೋರುವುದು ನಿಂತಿತು. ಕಾಲು ಕೀಳುತ್ತಿದ್ದವರು ಉಳಿದರು. ನಮ್ಮದೇ ಮೈದಾನದಲ್ಲಿ ಕಲಿತವರು ತಂಡಕ್ಕೆ ಬಂದರು. ಪಟ್ಟಿಯಲ್ಲಿ ಒಂದು ವರ್ಷ ಏರಿದೆವು, ಇನ್ನೊಂದು ವರ್ಷ ಇಳಿದೆವು, ಮತ್ತೆ ಏರಿದೆವು. ಮಂಡಳಿಯಲ್ಲಿ ಯಾರಿಗೂ ಆತುರವಿರಲಿಲ್ಲ. ಕಡೆಗೂ ಒಂದು ಸೀಸನ್ನಿನ ಕೊನೆಯ ಆಟಕ್ಕೆ ಬಂದು ನಿಂತೆವು. ಗೆದ್ದರೆ ಮೇಲಿನ ಡಿವಿಷನ್ನು.

ಮಂಡಳಿಯವರು, "ಇವತ್ತೊಂದು ದಿನ ಬನ್ನಿ, ಯಾರು ಕೇಳ್ತಾರೆ," ಎಂದು ಕರೆದರು. ಹೋಗಲಿಲ್ಲ. ನಿಯಮದ ಮೇಲಿನ ಭಕ್ತಿಯಿಂದಲ್ಲ. ಅಣ್ಣ ಬರುತ್ತಾನೆ, ಅವನು ಬಂದಾಗ ನಾನು ಮನೆಯಲ್ಲಿರಬೇಕು ಎಂದು ಹೋಗಲಿಲ್ಲ. ಈ ಸದ್ದನ್ನು ಅವನ ಜೊತೆ ಕೂತು ಕೇಳಿದರೆ ಅವನು ಒಂದು ಸಲ ನನ್ನ ಕಡೆ ತಿರುಗುತ್ತಾನೆ ಎಂಬ ಆಸೆ. ನನ್ನ ಜೀವಮಾನದಲ್ಲಿ ನಾನು ಯಾವುದಕ್ಕೂ ಅಷ್ಟು ಕಾದಿರಲಿಲ್ಲ.

ಬೆಳಿಗ್ಗೆಯೇ ಅಂಗಡಿ ಮುಚ್ಚಿ ಬೆತ್ತದ ಕುರ್ಚಿಯ ಧೂಳು ಒರೆಸಿದೆ. ಕನ್ನಡಕ ತೆಗೆದಿಟ್ಟೆ. ಜನ ಗುಂಪು ಗುಂಪಾಗಿ ಬೀದಿಯಲ್ಲಿ ಹೋದರು. ಆಟ ಶುರುವಾದ ಸೀಟಿ ಊದಿತು. ಕುರ್ಚಿ ಖಾಲಿ ಇತ್ತು. ಮೊದಲರ್ಧ ಮುಗಿಯಿತು, ಖಾಲಿಯೇ ಇತ್ತು. ಅವನು ಯಾಕೆ ಬರುತ್ತಾನೆ, ಇವತ್ತು ಅವನು ಮೈದಾನದಲ್ಲೇ ಇರಬೇಕಲ್ಲವೇ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ತನ್ನ ಹಳೆಯ ಸೀಟಿನಲ್ಲಿ, ಅತ್ತಿಗೆಯ ಪಕ್ಕದಲ್ಲಿ. ಹಾಗೆ ಅಂದುಕೊಂಡ ಮೇಲೆ ಮನಸ್ಸು ತಿಳಿಯಾಯಿತು. ಆಮೇಲೆ ಗೋಡೆಯ ಆಚೆ ಒಂದು ಮೂಲೆಯಿಂದಲ್ಲ, ಎಲ್ಲ ಕಡೆಯಿಂದಲೂ ಕೂಗು ಎದ್ದಿತು, ಕಿಟಕಿಯ ಗಾಜು ಅದುರಿತು. ನಾನು ಒಬ್ಬಳೇ ಎದ್ದು ನಿಂತು ಅತ್ತೆ. ಕೊನೆಯ ಸೀಟಿಯವರೆಗೂ ಆ ಕೂಗು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಾಗಿಲು ತೆಗೆದರೆ ಅತ್ತಿಗೆ. ನಾನು ಬೇಡ ಎಂದು ಮತ ಹಾಕಿದ ದಿನದಿಂದ ಅವರು ಈ ಹೊಸ್ತಿಲು ತುಳಿದಿರಲಿಲ್ಲ. ವಯಸ್ಸಾಗಿತ್ತು, ಗೋಡೆ ಹಿಡಿದು ನಿಂತಿದ್ದರು.

"ಗೆದ್ವಿ ಕಣೆ," ಅಂದರು.

"ಕೇಳಿಸ್ತು ಅತ್ತಿಗೆ. ಒಳಗೆ ಬನ್ನಿ."

ಅವರು ಬರಲಿಲ್ಲ. ನನ್ನ ಭುಜದ ಮೇಲಿಂದ ಕೋಣೆಯೊಳಗೆ ಕಣ್ಣಾಡಿಸಿದರು, ಕಿಟಕಿ, ಬೆತ್ತದ ಕುರ್ಚಿ, ಮತ್ತೆ ಬಾಗಿಲ ಹಿಂದೆ. ಯಾರನ್ನೋ ಹುಡುಕುತ್ತಿದ್ದಾರೆ ಎಂದು ನನಗೆ ತಟ್ಟನೆ ತಿಳಿಯಿತು.

"ಇಲ್ಲಿಗೆ ಬಂದಿದಾರಾ ಅವರು?" ಎಂದು ಕೇಳಿದರು.

"ಯಾವಾಗ್ಲೂ ಬರ್ತಿದ್ದ. ಇವತ್ತು ಬರಲಿಲ್ಲ. ನಿಮ್ಮ ಹತ್ರ ಇದಾನೆ ಅಂದ್ಕೊಂಡೆ."

"ನನ್ನ ಹತ್ರಾನೂ ಯಾವಾಗ್ಲೂ ಬರ್ತಿದ್ರು. ಪಕ್ಕದ ಸೀಟು ಕೆಳಗೆ ಹೋಗೋದು, ನಾನು ಆ ಕಡೆ ತಿರುಗದೇ ಕೂತಿರ್ತಿದ್ದೆ, ತಿರುಗಿದ್ರೆ ಎಲ್ಲಿ ಹೋಗಿಬಿಡ್ತಾರೋ ಅಂತ." ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿದರು. "ಇವತ್ತು ಸೀಟು ಏಳಲೂ ಇಲ್ಲ, ಇಳಿಯಲೂ ಇಲ್ಲ. ತಂಗಿ ಮನೇಲಿ ಕೂತು ಕೇಳ್ತಿದಾರೆ ಅಂದ್ಕೊಂಡೆ. ಹಾಗಂದ್ಕೊಂಡೇ ಪೂರ್ತಿ ಆಟ ನಿಶ್ಚಿಂತೆಯಾಗಿ ನೋಡಿಬಿಟ್ಟೆ."

ನಾನು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಕೆಳಗೆ ಬೀದಿಯಲ್ಲಿ ಜನ ಹಾಡುತ್ತಾ ಮನೆಗೆ ಹೋಗುತ್ತಿದ್ದರು. ನಾವಿಬ್ಬರೂ ನೆಲದ ಮೇಲೆ, ಗೋಡೆಗೆ ಒರಗಿ ಕೂತೆವು. ಹಾಡು ದೂರವಾಯಿತು. ಅತ್ತಿಗೆ ನನ್ನ ಕೈ ಬಿಡದೆ, ಎದುರಿನ ಕುರ್ಚಿ ನೋಡುತ್ತಾ, "ಇನ್ನು ಬರಲ್ಲ ಅಂತೀಯಾ?" ಎಂದು ಕೇಳಿದರು.

ಅದನ್ನು ಯಾರನ್ನು ಕೇಳಿಕೊಂಡು ಬರಬೇಕೋ ನನಗೆ ಗೊತ್ತಿರಲಿಲ್ಲ.